32ಕ್ಕೇ ಮಂಡಿ ಸವೆತ: ಆಪರೇಷನ್‌ಗೆ ಅವಸರ ಬೇಡ

32ನೇ ವಯಸ್ಸಿಗೇ ಮಂಡಿ ಸವೆದಿದೆ ಅಂದರು, ಆಪರೇಷನ್ ಬೇಕೇ ಬೇಕಾ ಅಂತ ಕೇಳಿದ್ದೀರಿ. ಮೊದಲು ಹಳೇ ಪೆಟ್ಟು ಏನಾದರೂ ಇದೆಯಾ ನೆನಪಿಸಿಕೊಳ್ಳಿ. ಆಟದಲ್ಲಿ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದಿದ್ದರೆ, ಇಲ್ಲವೇ ಮಂಡಿಯೊಳಗಿನ ಮೆನಿಸ್ಕಸ್ ಅನ್ನೋ ಮೆತ್ತೆ ಹರಿದಿದ್ದರೆ, 10-15 ವರ್ಷ ಕಳೆದ ಮೇಲೆ ಸವೆತ ಶುರುವಾಗುವುದು ಅಪರೂಪವಲ್ಲ. ಎಕ್ಸ್‌ರೇ ನೋಡಿ ಹೆದರಬೇಡಿ, ಅದರಲ್ಲಿ ಕಾಣುವ ಸವೆತಕ್ಕೂ ನೋವಿಗೂ ಎಷ್ಟೋ ಸಲ ತಾಳೆಯೇ ಆಗುವುದಿಲ್ಲ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮವೇ ಮುಖ್ಯ ಔಷಧಿ, ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು 3 ತಿಂಗಳಾದರೂ ಬಿಡದೆ ಮಾಡಿ. ಸುಮ್ನೆ ಕೂತರೆ ಸ್ನಾಯು ಇನ್ನೂ ಸೊರಗುತ್ತದೆ, ಅಲ್ವಾ? ತೂಕ ಜಾಸ್ತಿ ಇದ್ದರೆ 1 ಕೆಜಿ ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು 4 ಕೆಜಿ ಇಳಿಯುತ್ತದೆ. ಆಪರೇಷನ್ ಮಾಡಿ ಹಾಕುವ ಕೃತಕ ಮಂಡಿಯೂ ಸವೆಯುತ್ತದೆ, ಅದಕ್ಕೇ ಈ ವಯಸ್ಸಿನಲ್ಲಿ ಆಪರೇಷನ್ ಆದಷ್ಟು ಮುಂದೂಡುತ್ತಾರೆ. ಆದರೆ ಮಂಡಿ ಸಿಕ್ಕಿಹಾಕಿಕೊಂಡು ನೆಟ್ಟಗಾಗದಿದ್ದರೆ, ಅಥವಾ ಊದಿಕೊಂಡು ಬಿಸಿಯಾಗಿದ್ದರೆ ಕಾಯಬೇಡಿ, ತಕ್ಷಣ ಮೂಳೆ ಡಾಕ್ಟರಿಗೆ ತೋರಿಸಿ.