ಕಾರ್ಖಾನೆ ಮುಚ್ಚಿತು, ಅಂಗಳದಲ್ಲಿರುವ ಕಾರಿನ ಗತಿ ಏನು?

ಅಡಿಕೆ ಕೈಗೆ ಬರುವ ಹೊತ್ತಿಗೆ ನನಗೆ ಕಾರಿನ ಪ್ರಶ್ನೆಗಳು ಜಾಸ್ತಿ ಬರುತ್ತವೆ. ವಾಹನದ ಬಿಡಿಭಾಗ ತಯಾರಿಸುವ ಕಡೆ ಮೂವತ್ತು ವರ್ಷ ಟೂಲ್ ರೂಮಿನಲ್ಲಿ, ಅಂದರೆ ಅಚ್ಚು ತಯಾರಿಸುವ ವಿಭಾಗದಲ್ಲಿ ದುಡಿದು, ಈಗ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ತೋಟ ನೋಡಿಕೊಂಡಿರುವವನು ನಾನು. ಹಾಗಾಗಿ ಶೋರೂಮಿನವರ ಮಾತು ನನ್ನಿಂದ ನಿರೀಕ್ಷಿಸಬೇಡಿ.

ನಮ್ಮಲ್ಲಿ 2014ರ ಫೋರ್ಡ್ ಫಿಗೊ ಡೀಸೆಲ್ ಉಂಟು. 78,000 ಕಿಲೋಮೀಟರ್ ಓಡಿದೆ, ಏನೂ ತೊಂದರೆ ಇಲ್ಲ. ಆದರೆ ಕಂಪನಿಯೇ ಕಾರ್ಖಾನೆ ಮುಚ್ಚಿತಲ್ಲ, ಈಗಲೇ ಮಾರಿಬಿಡಿ ಎಂದು ಭಾವ ದಿನಾ ಹೇಳುತ್ತಾರೆ. ಮಾರಬೇಕಾ ಸಾರ್? (ಪೆರ್ಲದ ಓದುಗರು)

ಭಾವನಿಗೆ ಆ ಕಾರಿನ ಮೇಲೆ ಕಣ್ಣಿದೆಯಾ ಎಂದು ಮೊದಲು ನೋಡಿಕೊಳ್ಳಿ! ತಮಾಷೆ ಬಿಡಿ, ಮಾರುವ ಅಗತ್ಯ ನನಗೆ ಕಾಣುವುದಿಲ್ಲ.

ಫೋರ್ಡ್ ಭಾರತದಲ್ಲಿ ಕಾರು ತಯಾರಿ ನಿಲ್ಲಿಸುತ್ತೇವೆ ಎಂದದ್ದು 2021ರ ಸೆಪ್ಟೆಂಬರಿನಲ್ಲಿ. ಹತ್ತು ವರ್ಷದಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟ ಆಗಿದೆ ಎಂದು ಅವರೇ ಹೇಳಿದ್ದರು. ಗುಜರಾತಿನ ಸಾನಂದದ ಕಾರು ಕಾರ್ಖಾನೆಯನ್ನು ಟಾಟಾದವರು ಸುಮಾರು 726 ಕೋಟಿ ರೂಪಾಯಿಗೆ ಕೊಂಡರು. ಚೆನ್ನೈ ಹತ್ತಿರದ ಮರೈಮಲೈ ನಗರದಲ್ಲಿ 2022ರಲ್ಲಿ ಕೊನೆಯ ಕಾರು ಹೊರಬಂತು. ಆದರೆ ಸರ್ವೀಸ್ ಮತ್ತು ಬಿಡಿಭಾಗದ ವ್ಯವಸ್ಥೆಯನ್ನು ಮುಂದುವರಿಸುತ್ತೇವೆ ಎಂದು ಆಗಲೇ ತಿಳಿಸಿದ್ದರು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕಾರು ಕಂಪನಿ ಕಾರಿನ ಎಲ್ಲ ಭಾಗವನ್ನೂ ತಾನೇ ಮಾಡುವುದಿಲ್ಲ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಫಿಲ್ಟರ್, ಬೇರಿಂಗ್, ಶಾಕ್ ಅಬ್ಸಾರ್ಬರ್ ಎಲ್ಲ ಬೇರೆಯವರ ಕಾರ್ಖಾನೆಯಲ್ಲಿ ಆಗುವಂಥವು. ಓಡುವ ಕಾರು ರಸ್ತೆಯಲ್ಲಿರುವ ತನಕ ಅವರು ಅದನ್ನು ಮಾಡಿ ಮಾರುತ್ತಲೇ ಇರುತ್ತಾರೆ. ಕಷ್ಟವಾಗುವುದು ಆ ಮಾಡೆಲಿಗೆ ಮಾತ್ರ ಹೊಂದುವ ವಸ್ತುಗಳಿಗೆ. ಹೆಡ್‌ಲೈಟ್, ಬಂಪರ್, ಬಾಗಿಲಿನ ತಗಡು, ಒಳಗಿನ ಪ್ಲಾಸ್ಟಿಕ್, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು. ಅಂದರೆ ಸವೆಯುವುದು ಸಿಗುತ್ತದೆ, ಗುದ್ದಿದರೆ ಕಷ್ಟ. ಹಾಗಾಗಿ ವಿಮೆಯನ್ನು ಬರೀ ಥರ್ಡ್ ಪಾರ್ಟಿಗೆ ಇಳಿಸಬೇಡಿ, ಅದರಲ್ಲಿ ನಿಮ್ಮ ಕಾರಿನ ರಿಪೇರಿಗೆ ದುಡ್ಡು ಬರುವುದಿಲ್ಲ.

ನಿಮ್ಮ ಎಂಜಿನ್ನಿನ ಒಳಭಾಗಗಳನ್ನು ತಾಳ ತಪ್ಪದಂತೆ ತಿರುಗಿಸುವುದು ಟೈಮಿಂಗ್ ಬೆಲ್ಟ್ ಎಂಬ ರಬ್ಬರ್ ಪಟ್ಟಿ, ಚೈನ್ ಅಲ್ಲ. ಕಿಲೋಮೀಟರ್ ಕಡಿಮೆ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಇನ್ನೂ ಬದಲಿಸಿಲ್ಲ ಅಂದರೆ ಈ ತಿಂಗಳೇ ಬದಲಿಸಿ. ಅದು ತುಂಡಾದರೆ ಎಂಜಿನ್ನಿಗೇ ಪೆಟ್ಟು, ಆಗ ಭಾವ ಹೇಳಿದ್ದೇ ಸರಿಯಾಗಿಬಿಡುತ್ತದೆ.

ಒಂದು ಲಕ್ಷಕ್ಕೆ ಕಾರು ಎಂದು ಟಾಟಾದ ನ್ಯಾನೊ ಬಂತು, ಹೋಯಿತು. ಈಗ ಸಣ್ಣ ಕಾರಿಗೂ ನಾಲ್ಕೈದು ಲಕ್ಷ ಬೇಕು. ನಮ್ಮಂಥವರಿಗೆ ಎಟಕುವ ಕಾರು ಮಾಡಲು ಕಂಪನಿಗಳಿಗೆ ನಿಜವಾಗಿಯೂ ಆಗುವುದಿಲ್ಲವಾ, ಮನಸ್ಸಿಲ್ಲವಾ? (ಉಪ್ಪಳದ ಶಾಲಾ ಶಿಕ್ಷಕರು)

ಎರಡೂ ಸ್ವಲ್ಪ ಸ್ವಲ್ಪ ನಿಜ ಮಾಷ್ಟ್ರೇ.

ಪೆರ್ಲದಿಂದ ಪುತ್ತೂರಿಗೆ ಹೋಗುವ ಬಸ್ಸನ್ನು ನೆನೆಸಿಕೊಳ್ಳಿ. ಐವತ್ತು ಜನ ಕೂತರೂ ಐದು ಜನ ಕೂತರೂ ಡ್ರೈವರನ ಸಂಬಳ ಅಷ್ಟೇ. ಕಾರಿನ ಕಾರ್ಖಾನೆಯೂ ಹಾಗೆಯೇ. ಪೇಂಟ್ ಶಾಪ್, ತಗಡು ಒತ್ತುವ ಪ್ರೆಸ್ಸುಗಳು, ಅವಕ್ಕೆ ಕೂರಿಸುವ ಅಚ್ಚುಗಳಾದ ಡೈಗಳು, ಸಾಲದ ಬಡ್ಡಿ, ಇವಕ್ಕೆಲ್ಲ ವರ್ಷಕ್ಕೆ ಸಾವಿರ ಕೋಟಿ ಬೇಕು ಎಂದು ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳೋಣ. 2 ಲಕ್ಷ ಕಾರು ಮಾಡಿದರೆ ಒಂದೊಂದರ ತಲೆಗೆ 50,000 ರೂಪಾಯಿ ಬೀಳುತ್ತದೆ. ಬರೀ 40,000 ಕಾರು ಮಾಡಿದರೆ 2.5 ಲಕ್ಷ. ಕಬ್ಬಿಣ, ಟಯರು ಇನ್ನೂ ಸೇರಿಸಿಯೇ ಇಲ್ಲ! ಫೋರ್ಡಿನ ಎರಡು ಕಾರ್ಖಾನೆಗಳಿಗೆ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಕಾರು ಮಾಡುವ ತಾಕತ್ತಿತ್ತು. ಕೊನೆಗೆ ಅದರ ಕಾಲು ಭಾಗವೂ ಬಳಕೆಯಾಗುತ್ತಿರಲಿಲ್ಲ. ಕಾರು ಚೆನ್ನಾಗಿರಲಿಲ್ಲ ಎಂದಲ್ಲ, ಬಸ್ಸು ಖಾಲಿ ಓಡುತ್ತಿತ್ತು.

ನ್ಯಾನೊದ ಕಥೆ ಇನ್ನೂ ಬೇಸರದ್ದು. 2008ರ ಜನವರಿಯಲ್ಲಿ ದೆಹಲಿಯಲ್ಲಿ ಅದನ್ನು ತೋರಿಸಿದಾಗ ನಮ್ಮ ಟೂಲ್ ರೂಮಿನಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡಿದ್ದೆವು. ಎರಡು ಸಿಲಿಂಡರಿನ 624 ಸಿಸಿ ಎಂಜಿನ್, ಅದೂ ಹಿಂದೆ. ಒಂದೇ ವೈಪರ್. ಚಕ್ರಕ್ಕೆ ನಾಲ್ಕು ಬೋಲ್ಟಿನ ಬದಲು ಮೂರು. ಒಂದೊಂದು ಬೋಲ್ಟಿನಲ್ಲೂ ದುಡ್ಡು ಉಳಿಸಿದ್ದರು. ಎಂಜಿನಿಯರುಗಳ ಕೆಲಸಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಪಶ್ಚಿಮ ಬಂಗಾಳದ ಸಿಂಗೂರಿನ ಜಮೀನು ಗಲಾಟೆಯಲ್ಲಿ ಕಾರ್ಖಾನೆಯೇ ಸಾನಂದಕ್ಕೆ ಹೋಗಬೇಕಾಯಿತು, ಸಮಯ ಹೋಯಿತು. ಕೆಲವು ಕಾರಿಗೆ ಬೆಂಕಿ ಹಿಡಿದ ಸುದ್ದಿ ಬಂತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ‘ಅತಿ ಅಗ್ಗದ ಕಾರು’ ಎಂಬ ಹೆಸರು. ನೆಂಟರ ಮದುವೆಗೆ ಬಡವರ ಕಾರಿನಲ್ಲಿ ಹೋಗಿ ಇಳಿಯುವುದಕ್ಕೆ ನಮ್ಮಲ್ಲಿ ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಬೈಕಿನವನು ಮೊದಲ ಕಾರು ತೆಗೆಯುವಾಗ ನಾಲ್ಕು ಜನ ನೋಡಲಿ ಎಂದೇ ತೆಗೆಯುತ್ತಾನೆ. ಸಾನಂದದಲ್ಲಿ ಟಾಟಾದವರೇ ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡಲು ಕಟ್ಟಿದ ಕಾರ್ಖಾನೆ ಅದು. 2018ರ ಜೂನ್ ತಿಂಗಳಲ್ಲಿ ಅಲ್ಲಿ ತಯಾರಾದ ನ್ಯಾನೊ ಒಂದೇ ಒಂದು.

ಆಮೇಲೆ ನಿಯಮಗಳು ಬಂದವು. 2020ರ ಏಪ್ರಿಲಿನಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6. ಅದಲ್ಲದೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್, ಮುಂದಿನ ಸೀಟುಗಳಿಗೆ ಎರಡು ಏರ್‌ಬ್ಯಾಗ್. ಇವುಗಳಿಂದ ಬೆಲೆ ಏರಿದ್ದು ಹೌದು. ಅದಕ್ಕೆ ನನಗೆ ಬೇಜಾರಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವ ಕಾರಿನಲ್ಲಿ ಏರ್‌ಬ್ಯಾಗ್ ಬೇಡ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಬೇಜಾರಿರುವುದು ತೆರಿಗೆಯ ಗೆರೆಯ ಬಗ್ಗೆ. ನಮ್ಮಲ್ಲಿ ಸಣ್ಣ ಕಾರು ಅಂದರೆ ಉದ್ದ ನಾಲ್ಕು ಮೀಟರಿನೊಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿಯೊಳಗೆ. 2025ರ ಸೆಪ್ಟೆಂಬರ್ 22ರಿಂದ ಇಂಥವಕ್ಕೆ ಜಿಎಸ್‌ಟಿ 18 ಶೇಕಡಾ, ಮೊದಲು ಸೆಸ್ ಸೇರಿ 29 ಇತ್ತು. ತೆರಿಗೆ ಸೇರಿಸುವ ಮೊದಲು 4 ಲಕ್ಷ ಇರುವ ಕಾರಿಗೆ 44,000 ರೂಪಾಯಿ ಉಳಿಯಿತು, ಒಳ್ಳೆಯದೇ. ಆದರೆ ಗೆರೆ ಒಂದೇ ಆದದ್ದರಿಂದ ಎಲ್ಲರೂ ಅದರ ಅಂಚಿಗೇ ಬಂದು ನಿಲ್ಲುತ್ತಾರೆ. ಮಾರುಕಟ್ಟೆಯ ಎಷ್ಟೋ ‘ಸಣ್ಣ’ ಎಸ್‌ಯುವಿಗಳ ಉದ್ದ ಸರಿಯಾಗಿ 3,995 ಮಿಲಿಮೀಟರ್! ನಿಜವಾಗಿ ಸಣ್ಣದಾಗಿರುವ ಆಲ್ಟೊಗೂ ಹತ್ತು ಲಕ್ಷದ ಗಾಡಿಗೂ ಒಂದೇ ದರ. ಜಪಾನಿನಲ್ಲಿ ಕೇ ಕಾರು ಎಂಬ ಬೇರೆಯೇ ವರ್ಗ ಇದೆ. ಉದ್ದ 3.4 ಮೀಟರ್, ಎಂಜಿನ್ 660 ಸಿಸಿ, ಅದನ್ನು ದಾಟುವಂತಿಲ್ಲ. ತೆರಿಗೆ ಕಡಿಮೆ. ಅಲ್ಲಿ ಕೇ ಕಾರು ತೆಗೆದುಕೊಂಡವನನ್ನು ಯಾರೂ ಬಡವ ಎನ್ನುವುದಿಲ್ಲ. ನಮ್ಮಲ್ಲೂ ನಾಲ್ಕು ಮೀಟರಿನ ಕೆಳಗೆ ಇನ್ನೊಂದು ಗೆರೆ ಎಳೆದು ಅಲ್ಲಿ ತೆರಿಗೆ ಇನ್ನಷ್ಟು ಇಳಿಸಿದರೆ, ಕಂಪನಿಗಳಿಗೆ ಮನಸ್ಸು ತಾನಾಗಿ ಬರುತ್ತದೆ ಎಂದು ನನ್ನ ಅನಿಸಿಕೆ.

ಬಜಾಜಿನವರ ಕ್ಯೂಟ್ ಎಂಬ ಗಾಡಿ ಗೊತ್ತಿರಬಹುದು. 216 ಸಿಸಿ, ನಾಲ್ಕು ಸೀಟು, ಗಂಟೆಗೆ 70 ಕಿಲೋಮೀಟರ್ ಮಿತಿ. ಕಾನೂನಿನಲ್ಲಿ ಅದು ಕಾರೇ ಅಲ್ಲ, ಕ್ವಾಡ್ರಿಸೈಕಲ್ ಎಂಬ ಬೇರೆ ವರ್ಗದ ನಾಲ್ಕು ಚಕ್ರದ ಗಾಡಿ. ಪೇಟೆಯೊಳಗಿನ ಬಾಡಿಗೆ ಓಡಾಟಕ್ಕೆ ಸರಿ. ಉಪ್ಪಳದಿಂದ ಮಂಗಳೂರು ಆಸ್ಪತ್ರೆಗೆ ಹೋಗಲು ಅದನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ.

ನನ್ನ ಮಗ ಹೊಸೂರಿನ ಒಂದು ಸಣ್ಣ ಪ್ರೆಸ್ ಶಾಪಿನಲ್ಲಿದ್ದಾನೆ. ದೊಡ್ಡ ಕಂಪನಿ ಮುಚ್ಚಿದರೆ ಇಂಥವರ ಗತಿ ಏನು? (ಹೊಸೂರಿನಿಂದ ಒಬ್ಬ ತಾಯಿ)

ಅಮ್ಮಾ, ಫೋರ್ಡ್ ಮುಚ್ಚಿದಾಗ ಸುಮಾರು 4,000 ಜನರಿಗೆ ಪೆಟ್ಟು ಎಂದು ಸುದ್ದಿಯಾಯಿತು. ಅದು ಕಂಪನಿಯ ಲೆಕ್ಕ. ತಗಡು ಒತ್ತಿಕೊಡುವವರು, ಕ್ಯಾಂಟೀನಿನವರು, ಕಾಂಟ್ರಾಕ್ಟ್ ಲೇಬರ್, ಇವರನ್ನು ಎಣಿಸಿದವರು ಕಡಿಮೆ. ಕಾಯಂ ಕೆಲಸಗಾರರು ಪರಿಹಾರಕ್ಕಾಗಿ ತಿಂಗಳುಗಟ್ಟಲೆ ಮಾತುಕತೆ, ಮುಷ್ಕರ ಮಾಡಿದರು. ಕಾಂಟ್ರಾಕ್ಟಿನವನಿಗೆ ಆ ದಾರಿಯೂ ಇರುವುದಿಲ್ಲ.

ಆದರೆ ಪ್ರೆಸ್ಸು ಒಂದೇ ಕಂಪನಿಯದ್ದಲ್ಲ. ಡೈ ಬದಲಿಸಿದರೆ ಅದೇ ಪ್ರೆಸ್ಸಿನಲ್ಲಿ ಸ್ಕೂಟರಿನ ಭಾಗ, ಲಾರಿಯ ಬ್ರಾಕೆಟ್ ಎರಡೂ ಬರುತ್ತವೆ. ಹೊಸೂರಿನಲ್ಲಿ ಟಿವಿಎಸ್, ಅಶೋಕ್ ಲೇಲ್ಯಾಂಡ್ ಇವೆ, ಅದೇ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಓಲಾದ ಸ್ಕೂಟರ್ ಕಾರ್ಖಾನೆ ಇದೆ. ಹಾಗಾಗಿ ಮಗನ ಹತ್ತಿರ ಎರಡು ವಿಷಯ ಕೇಳಿ. ಅವನ ಶಾಪಿಗೆ ಎಷ್ಟು ಗಿರಾಕಿ ಕಂಪನಿಗಳಿವೆ? ಒಂದೇ ಆದರೆ ಅಪಾಯ. ಒತ್ತುವ ಭಾಗ ಯಾವುದು? ಸೈಲೆನ್ಸರ್, ಪೆಟ್ರೋಲ್ ಟ್ಯಾಂಕಾದರೆ ಬ್ಯಾಟರಿ ಗಾಡಿಗೆ ಅದು ಬೇಡ. ಸೀಟಿನ ಚೌಕಟ್ಟು, ಬಾಗಿಲಾದರೆ ಯಾವ ಗಾಡಿಗೂ ಬೇಕು. ಸಾಧ್ಯವಾದರೆ ಪ್ರೆಸ್ ಓಡಿಸುವ ಕೆಲಸದಿಂದ ಡೈ ಕೂರಿಸುವ, ರಿಪೇರಿ ಮಾಡುವ ಕೆಲಸಕ್ಕೆ ಹೋಗಲಿ. ಆರ್ಡರ್ ಕಡಿಮೆಯಾದಾಗ ಮಾಲೀಕ ಕೊನೆಗೆ ಕಳಿಸುವುದು ಡೈ ಗೊತ್ತಿರುವವನನ್ನು.

ಚೆನ್ನೈಯ ಆ ಕಾರ್ಖಾನೆಯಲ್ಲಿ ಎಂಜಿನ್ ತಯಾರಿಸಲು 3,250 ಕೋಟಿ ರೂಪಾಯಿ ಹಾಕುತ್ತೇವೆ, 2029ಕ್ಕೆ ಶುರು ಎಂದು ಫೋರ್ಡ್ 2025ರಲ್ಲಿ ತಮಿಳುನಾಡು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿದೆ. ಅದನ್ನು ನಂಬಿ ಈಗಿನ ಕೆಲಸ ಬಿಡಬೇಡಿ ಅಷ್ಟೇ.

ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಾಟ. ಸಣ್ಣ ಎಲೆಕ್ಟ್ರಿಕ್ ಕಾರು ಅಗ್ಗ ಬೀಳುತ್ತದಾ? (ಮುಳ್ಳೇರಿಯದ ಓದುಗರು)

ಎಂಜಿ ಕಂಪನಿಯ ಕಾಮೆಟ್ ಎಂಬ ಎಲೆಕ್ಟ್ರಿಕ್ ಕಾರನ್ನೇ ನೋಡೋಣ. ಮೂರು ಮೀಟರಿಗೂ ಕಡಿಮೆ ಉದ್ದ. 2024ರಲ್ಲಿ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆ ತಂದಾಗ ಕಾರಿಗೆ 4.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ 2.50 ರೂಪಾಯಿ ಎಂದಿದ್ದರು. ಕರೆಂಟಿಗೆ ಕಿಲೋಮೀಟರಿಗೆ ಒಂದು ರೂಪಾಯಿ ಹಿಡಿದರೆ ಒಟ್ಟು 3.50. ಪೆಟ್ರೋಲ್ ಲೀಟರಿಗೆ 105, ಮೈಲೇಜ್ 20 ಎಂದರೆ 5.25. ಸಾವಿರ ಕಿಲೋಮೀಟರಿಗೆ ಉಳಿತಾಯ 1,750 ರೂಪಾಯಿ. ದೊಡ್ಡ ಮೊತ್ತವೇನಲ್ಲ. ಮನೆಯ ಮಾಡಿನಲ್ಲಿ ಸೋಲಾರ್ ಇದ್ದರೆ ಇನ್ನೂ ಸ್ವಲ್ಪ ಉಳಿಯುತ್ತದೆ.

ನಾನಾದರೆ ಲೆಕ್ಕಕ್ಕಿಂತ ದಾರಿಯನ್ನು ನೋಡುತ್ತೇನೆ. ಮುರಕಲ್ಲು ಕಡಿದು ಮಾಡಿದ ಚಡಾವಿನಲ್ಲಿ, ಮಳೆಗಾಲದಲ್ಲಿ, ಹಿಂದಿನ ಸೀಟಿನಲ್ಲಿ ಎರಡು ಚೀಲ ಅಡಿಕೆ ಹಾಕಿಕೊಂಡು ಅಂಗಳಕ್ಕೆ ಹತ್ತಬೇಕು. ಹಾಗೆ ಮನೆಗೆ ಹೋಗುವವರು ನೆಲದಿಂದ ಎತ್ತರ ಇರುವ ಗಾಡಿ ತೆಗೆಯಿರಿ. ಟೆಸ್ಟ್ ಡ್ರೈವನ್ನು ಶೋರೂಮಿನ ಎದುರಿನ ಡಾಮರು ರಸ್ತೆಯಲ್ಲಿ ಮಾಡಬೇಡಿ. ನಿಮ್ಮ ಮನೆಗೇ ತರಿಸಿ, ನಾಲ್ಕು ಜನರನ್ನು ಕೂರಿಸಿ, ಚಡಾವಿನ ಮಧ್ಯ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ.

ಕರ್ನಾಟಕದಲ್ಲಿ ಟ್ಯಾಕ್ಸ್ ಕಡಿಮೆ, ಮಂಗಳೂರಲ್ಲೇ ಕಾರು ತೆಗೆಯಿರಿ ಎನ್ನುತ್ತಾರೆ. ಹೌದಾ? (ಮಂಜೇಶ್ವರದ ಓದುಗರು)

ಯಾರು ಹೇಳಿದ್ದು? ಕರ್ನಾಟಕದ ರಸ್ತೆ ತೆರಿಗೆ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಅಲ್ಲದೆ ಬೇರೆ ರಾಜ್ಯದ ನಂಬರಿನ ಗಾಡಿಯನ್ನು ಇಲ್ಲಿ ಕೇರಳದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಆಗ ಇಲ್ಲಿಯೂ ತೆರಿಗೆ ಕಟ್ಟಬೇಕು. ಮಂಗಳೂರು ನಂಬರಿನ (ಕೆಎ-19) ಸೆಕೆಂಡ್ ಹ್ಯಾಂಡ್ ಗಾಡಿ ಚೆನ್ನಾಗಿ ಸಿಕ್ಕಿದರೆ ತೆಗೆದುಕೊಳ್ಳಿ, ಅಡ್ಡಿಯಿಲ್ಲ. ಆದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ಅಭ್ಯಂತರ ಇಲ್ಲ ಎಂಬ ಪತ್ರ) ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ.