ಮಲೇರಿಯಾ ಮತ್ತೆ ಬಂದಿದ್ದು ಯಾಕೆ?

ಪಕ್ಕದ ಸೈಟಿನಲ್ಲಿ ಕಟ್ಟಡ ಕೆಲಸ ಮಾಡುವ ಜಾರ್ಖಂಡ್ ಹುಡುಗನಿಗೆ ಮಲೇರಿಯಾ ವಾಸಿಯಾಗಿ ಎರಡೇ ತಿಂಗಳಲ್ಲಿ ಮತ್ತೆ ಚಳಿಜ್ವರ ಬಂತು, ಯಾಕೆ ಅಂತ ಕೇಳಿದ್ದೀರಿ. ನಮ್ಮ ಮಂಗಳೂರಿನಲ್ಲಿ ಜಾಸ್ತಿ ಕಾಣುವುದು ವೈವಾಕ್ಸ್ ಮಲೇರಿಯಾ. ಅದರ ರೋಗಾಣು ಲಿವರ್‌ನಲ್ಲಿ ಅಡಗಿ ಕೂರುತ್ತದೆ. 3 ದಿನದ ಕ್ಲೋರೋಕ್ವಿನ್ ಜ್ವರ ಇಳಿಸುತ್ತದೆ, ಅಷ್ಟೇ. ಅಡಗಿದ್ದನ್ನು ಕೊಲ್ಲಲು ಸಾಮಾನ್ಯವಾಗಿ 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಪಾಪ, ಈ ಕೂಲಿ ಹುಡುಗರು ಮೈ ಹಗುರಾದ ಕೂಡಲೇ ಕೆಲಸಕ್ಕೆ ಓಡುತ್ತಾರೆ. ಒಂದು ದಿನ ಕೂತರೆ ಕೂಲಿ ಹೋಯ್ತು ಅಲ್ವಾ? ಮಾತ್ರೆ ಅರ್ಧಕ್ಕೇ ನಿಲ್ಲುತ್ತದೆ, ಅಡಗಿದ್ದ ರೋಗಾಣು ಮತ್ತೆ ಎದ್ದು ಜ್ವರ ತರುತ್ತದೆ.

ಹೊಸದಾಗಿ ಸೊಳ್ಳೆ ಕಚ್ಚಿಯೂ ಬಂದಿರಬಹುದು. ಸ್ಲ್ಯಾಬ್ ಮೇಲೆ ಕಟ್ಟಿದ ನೀರು, ಲಿಫ್ಟ್ ಗುಂಡಿ, ಮುಚ್ಚದ ಡ್ರಮ್ಮು ನೋಡಿ. ಈ ಸೊಳ್ಳೆಗೆ ಚರಂಡಿಯೇ ಬೇಕಂತಿಲ್ಲ, ಶುದ್ಧ ನೀರೂ ಸಾಕು.

ದಯವಿಟ್ಟು ಇವತ್ತೇ ವೆನ್ಲಾಕ್ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಮಲೇರಿಯಾ ಪರೀಕ್ಷೆ ಉಚಿತ. ಹಳೇ ಚೀಟಿ ಮರೆಯಬೇಡಿ. ಸುಮ್ನೆ ಮೆಡಿಕಲ್‌ನಿಂದ ಮಾತ್ರೆ ತಂದು ಕೊಡಬೇಡಿ, ಪ್ರೈಮಾಕ್ವಿನ್ ಎಲ್ಲರಿಗೂ ಆಗಿಬರುವುದಿಲ್ಲ.