ಛಲದ ಕಥೆ ಸಾಕು, ಓಟದ ಕಥೆ ಕಳಿಸಿ

ಲೇಖಕರೇ, ನಮಸ್ಕಾರ.

ನಿಮ್ಮ ‘ಮ್ಯಾರಥಾನ್ ಗೆದ್ದ ಗುಮಾಸ್ತ’ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸುವುದಿಲ್ಲ. ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಲೇಖನದ ಜೊತೆ ನೀವು ಇಟ್ಟಿದ್ದ ಪತ್ರ ಲೇಖನಕ್ಕಿಂತ ಎಷ್ಟೋ ಚೆನ್ನಾಗಿದೆ. ಅದನ್ನು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಬೇರೆ ಹೊಸಬರಿಗೂ ಉಪಯೋಗವಾಗಲಿ ಅಂತ ಅಂಕಣದಲ್ಲೇ ಉತ್ತರಿಸುತ್ತಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ.

ಓದುಗರಿಗೆ ಇಷ್ಟು ಗೊತ್ತಿರಲಿ. ಇವರು ತುಮಕೂರಿನವರು, ವಯಸ್ಸು 43. ಬೆಂಗಳೂರಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುತ್ತಾರೆ. ಶಾಲೆಯ ಪಿ.ಟಿ. ಪೀರಿಯಡ್‌ನಲ್ಲಿ ಬೇರೆಯವರ ಕಬಡ್ಡಿಗೆ ಸ್ಕೋರ್ ಬರೆಯುತ್ತಾ ಕೂತಿದ್ದವರು. ಎರಡು ವರ್ಷದ ಹಿಂದೆ ಅಮಾನಿಕೆರೆಯ ದಾರಿಯಲ್ಲಿ ನಡೆಯಲು ಶುರು ಮಾಡಿದರು. ಈಚೆಗೆ ಬೆಂಗಳೂರಿನಲ್ಲಿ ಹಾಫ್ ಮ್ಯಾರಥಾನ್ ಓಡಿ, 2 ಗಂಟೆ 52 ನಿಮಿಷಕ್ಕೆ ಮುಗಿಸಿದರು.

ತಲೆಬರಹ ಮೊದಲು ಸರಿಮಾಡಿ. ಮ್ಯಾರಥಾನ್ ಅಂದರೆ 42.195 ಕಿ.ಮೀ. ನೀವು ಓಡಿದ್ದು ಅದರ ಅರ್ಧ. ಗೆದ್ದಿದ್ದು ಬೇರೆ ಯಾರೋ. ಅವರು ಬಹುಶಃ ನೀವು ಮುಗಿಸುವ ಹೊತ್ತಿಗೆ ಮನೆಗೆ ಹೋಗಿ ತಿಂಡಿ ತಿಂದಿರುತ್ತಾರೆ. 43ನೇ ವಯಸ್ಸಿನಲ್ಲಿ, ಅಂಥ ಹಿನ್ನೆಲೆಯಿಂದ ಬಂದು, 21 ಕಿ.ಮೀ. ಓಡಿದ್ದು ಸಣ್ಣ ಮಾತಲ್ಲ. ಅದನ್ನು ಇದ್ದಷ್ಟೇ ಹೇಳಿದರೆ ಓದುಗ ನಂಬುತ್ತಾನೆ. ಜಾಸ್ತಿ ಮಾಡಿದರೆ ಇದ್ದದ್ದನ್ನೂ ನಂಬುವುದಿಲ್ಲ.

ಇನ್ನು ಮೊದಲ ಪುಟ. ಗ್ರೀಕ್ ದೂತ ಫೀಡಿಪ್ಪಿಡೀಸ್ ಯುದ್ಧ ನಡೆದ ಮ್ಯಾರಥಾನ್ ಎಂಬ ಊರಿನಿಂದ ಅಥೆನ್ಸ್‌ಗೆ ಓಡಿ ಬಂದು, ‘ಗೆದ್ದೆವು’ ಎಂದು ಪ್ರಾಣ ಬಿಟ್ಟ ಕಥೆ. ಓಟದ ಬಗ್ಗೆ ನಮಗೆ ಬರುವ ಲೇಖನಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಶುರುವಾಗುತ್ತವೆ. ಬೇಕೇ ಬೇಕು ಅಂದರೆ ಸರಿಯಾಗಿಯಾದರೂ ಬರೆಯಿರಿ. ಆ ಕಾಲಕ್ಕೆ ಹತ್ತಿರದ ಇತಿಹಾಸಕಾರ ಹೆರೊಡೊಟಸ್ ಹೇಳುವುದು ಬೇರೆ. ಸಹಾಯ ಕೇಳಲು ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ ಹೋದ ಓಟಗಾರನ ವಿಷಯ ಅದು, ಸುಮಾರು 240 ಕಿ.ಮೀ. ದಾರಿ. ಓಡಿ ಬಂದು ಸತ್ತ ಕಥೆ ನೂರಾರು ವರ್ಷ ಆದಮೇಲೆ ಸೇರಿಕೊಂಡಿತು. 42.195 ಕಿ.ಮೀ. ಅನ್ನುವ ಲೆಕ್ಕ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ಅದೇ ಎಲ್ಲ ಕಡೆಗೂ ಅಂತ ನಿಗದಿಯಾದದ್ದು 1921ರಲ್ಲಿ. ಇಷ್ಟೆಲ್ಲ ನಾನು ಹೇಳಿದ್ದು ನೀವು ಸೇರಿಸಲಿ ಅಂತ ಅಲ್ಲ. ಆ ಪುಟವನ್ನೇ ಕಿತ್ತುಹಾಕಿ. ಅಮಾನಿಕೆರೆಗೆ ಬರಲು ಗ್ರೀಸ್ ಸುತ್ತಿಕೊಂಡು ಬರಬೇಕಾಗಿಲ್ಲ.

ಈಗ ಮುಖ್ಯ ಜಗಳಕ್ಕೆ ಬರುತ್ತೇನೆ. ಲೇಖನದಲ್ಲಿ ಪುಟಕ್ಕೆ ಎರಡು ಸಲ ‘ಛಲ’ ಬರುತ್ತದೆ. ‘ಛಲವೊಂದಿದ್ದರೆ ಸಾಕು’, ‘ಛಲ ಬಿಡದೆ ಓಡಿದೆ’, ‘ಅಂದಿನಿಂದ ಹಿಂತಿರುಗಿ ನೋಡಲಿಲ್ಲ’. ನಿಮ್ಮ ಪತ್ರ ಬೇರೆಯದೇ ಹೇಳುತ್ತದೆ. ಓಡಿ ಅಭ್ಯಾಸವಿಲ್ಲದವರನ್ನು ವಾರವಾರಕ್ಕೂ ಪಳಗಿಸಿ 5 ಕಿ.ಮೀ. ಓಡಿಸುವ ‘ಕೌಚ್ ಟು 5ಕೆ’ ಪಾಠವನ್ನು ಫೋನಿನಲ್ಲಿ ಹಾಕಿಕೊಂಡಿರಿ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ 20 ನಿಮಿಷ. ಆ 60 ಸೆಕೆಂಡೂ ಆಗದೆ ಕಲ್ಲುಬೆಂಚಿನ ಮೇಲೆ ಕೂತಿರಿ. 9 ವಾರದ ಪಾಠ ನಿಮಗೆ ಐದು ತಿಂಗಳು ಹಿಡಿಯಿತು. ನಾಲ್ಕನೇ ವಾರಕ್ಕೆ ಹೋದವರು ಮತ್ತೆ ಎರಡನೇ ವಾರಕ್ಕೆ ಬಂದಿರಿ. ಹಿಂತಿರುಗಿ ನೋಡಿದ್ದಷ್ಟೇ ಅಲ್ಲ, ಹಿಂತಿರುಗಿ ಹೋಗಿಯೂ ಬಂದಿದ್ದೀರಿ! ಅದರಿಂದಲೇ ನೀವು ಉಳಿದಿರಿ. ಲೇಖನದಲ್ಲಿ ಇದು ಒಂದಕ್ಷರವೂ ಇಲ್ಲ.

ಮೊಣಕಾಲಿನ ಕೆಳಗೆ, ಮುಂದಿನ ಮೂಳೆ ಉದ್ದಕ್ಕೂ ನೋವು ಬಂತು ಅಂದಿದ್ದೀರಿ. ಲೇಖನದಲ್ಲಿ ‘ನೋವನ್ನು ಲೆಕ್ಕಿಸದೆ ಮುನ್ನುಗ್ಗಿದೆ’. ಪತ್ರದಲ್ಲಿ ‘ಡಾಕ್ಟರು ಮೂರು ವಾರ ಓಡಬೇಡಿ ಅಂದರು, ಸುಮ್ನೆ ಮನೇಲಿ ಕೂತೆ, ಹುಚ್ಚು ಹಿಡಿದ ಹಾಗಾಯಿತು’. ಯಾವುದು ನಿಜ? ಎರಡನೆಯದು ಅಲ್ವಾ? ಹೊಸದಾಗಿ ಓಡುವವರಿಗೆ ಈ ನೋವು ಬರುವುದಕ್ಕೆ ಕಾರಣ ಇದೆ. ಉಸಿರು, ಎದೆ ಕೆಲವು ವಾರಗಳಲ್ಲೇ ಪಳಗುತ್ತವೆ. ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು. ಉಸಿರು ‘ಇನ್ನೂ ಓಡು’ ಅನ್ನುತ್ತದೆ, ಕಾಲು ‘ಇರಪ್ಪ’ ಅನ್ನುತ್ತದೆ. ಆ ಮೂರು ವಾರವನ್ನು ಬರೆಯಿರಿ. ಓಡುವ ಹೊತ್ತಿಗೆ ಎಚ್ಚರವಾಗುತ್ತಿತ್ತಾ? ಎದ್ದು ಏನು ಮಾಡಿದಿರಿ? ಯಾರ ಮೇಲೆ ರೇಗಿದಿರಿ?

ಇದನ್ನು ಬರೀ ಬರವಣಿಗೆಯ ಚಂದಕ್ಕೆ ಕೇಳುತ್ತಿಲ್ಲ. ನಮ್ಮ ಓದುಗರಲ್ಲಿ ನಲವತ್ತು ದಾಟಿದವರೇ ಜಾಸ್ತಿ. ಬಿ.ಪಿ. ಮಾತ್ರೆ ತಗೊಳ್ಳುವವರಿದ್ದಾರೆ. ‘ಛಲವೊಂದಿದ್ದರೆ ಸಾಕು’ ಅಂತ ನೀವು ಬರೆದು ನಾವು ಅಚ್ಚು ಹಾಕಿದರೆ, ಯಾರಾದರೂ ಅದನ್ನು ನಂಬಿ ನಾಳೆ ಬೆಳಗ್ಗೆ ಹೊರಟುಬಿಟ್ಟಾರು. ನೀವು ಮಾತ್ರ ಮೊದಲೇ ಇ.ಸಿ.ಜಿ. ಮಾಡಿಸಿಕೊಂಡು, ಡಾಕ್ಟರನ್ನು ಕೇಳಿ ಶುರು ಮಾಡಿದ ಜಾಣರು. ಆ ಜಾಣತನವನ್ನು ಮುಚ್ಚಿಟ್ಟು ಶೂರರ ವೇಷ ಯಾಕೆ? ‘ನೋ ಪೇನ್ ನೋ ಗೇನ್’ ಅನ್ನುವ ವಾಟ್ಸಾಪ್ ಮಾತನ್ನಂತೂ ತೆಗೆಯಿರಿ.

12ನೇ ಕಿ.ಮೀ.ನಲ್ಲಿ ‘ಮ್ಯಾರಥಾನಿಗರು ಹೇಳುವ ಆ ಗೋಡೆ ಎದುರಾಯಿತು’ ಎಂದು ಬರೆದಿದ್ದೀರಿ. ಇಲ್ಲ ಸ್ವಾಮಿ. ಅವರು ಹೇಳುವ ಗೋಡೆ ಪೂರ್ತಿ ಮ್ಯಾರಥಾನ್‌ನಲ್ಲಿ ಸುಮಾರು 30 ಕಿ.ಮೀ. ಆದಮೇಲೆ ಬರುವಂಥದ್ದು. ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖಾಲಿಯಾದಾಗ ಕಾಲು ಎತ್ತಲಾರದಂತಾಗುತ್ತದೆ. ನಿಮಗೆ ಆದದ್ದು ಏನು ಅಂತ ನಿಮ್ಮ ಪತ್ರದಲ್ಲೇ ಇದೆ. ಅಭ್ಯಾಸದಲ್ಲಿ ಒಂದು ಕಿ.ಮೀ.ಗೆ 8 ನಿಮಿಷ ತಗೊಳ್ಳುತ್ತಿದ್ದವರು, ಆವತ್ತು ಬ್ಯಾಂಡು, ಮೈಕು, ಜನ ನೋಡಿ ಮೊದಲ ಕಿ.ಮೀ.ಯನ್ನು 6 ನಿಮಿಷ 10 ಸೆಕೆಂಡಿಗೆ ಓಡಿಬಿಟ್ಟಿರಿ. 12ರ ಹೊತ್ತಿಗೆ ಅದರ ಬಿಲ್ ಬಂತು, ಅಷ್ಟೇ. ಲೆಕ್ಕಪತ್ರ ಬರೆಯುವ ಮನುಷ್ಯ ಜನರ ಮಧ್ಯೆ ಲೆಕ್ಕ ತಪ್ಪಿದ. ಇದಕ್ಕಿಂತ ಒಳ್ಳೆಯ ಭಾಗ ನಿಮ್ಮ ಹತ್ತಿರ ಇಲ್ಲ. ಇದಕ್ಕೆ ಒಂದು ಪುಟ ಪೂರ್ತಿ ಕೊಡಿ. ಯಾವ ವಯಸ್ಸಿನವರು ನಿಮ್ಮನ್ನು ದಾಟಿ ಹೋದರು ಅನ್ನುವುದೂ ಇರಲಿ. ನಾಚಿಕೆ ಬೇಡ.

ತುಮಕೂರು ಎಲ್ಲಿ? ಲೇಖನದಲ್ಲಿ ‘ನನ್ನ ಹುಟ್ಟೂರು’ ಅಂತ ಒಂದು ಸಲ ಬಂದು ಹೋಯಿತು. ಪತ್ರದಲ್ಲಿ ಮಾತ್ರ ಊರು ತುಂಬಿದೆ. ನಿಮಗೆ ಸಮಯ ಸಿಗುವುದು ಬೆಳಗ್ಗೆ ನಾಲ್ಕೂವರೆಗೆ. ರೈಲು ಬಿಟ್ಟರೆ ಆ ದಿನ ಹೋಯಿತು. ಆ ಹೊತ್ತಿನಲ್ಲಿ ಬೀದಿ ನಾಯಿಗಳದ್ದೇ ರಾಜ್ಯ. ಓಡಿದರೆ ಅಟ್ಟಿಸಿಕೊಂಡು ಬರುತ್ತವೆ, ನಿಂತರೆ ನಿಲ್ಲುತ್ತವೆ. ಹಾಗಾಗಿ ನಿಮ್ಮ ಬೀದಿಯಲ್ಲಿ ನಡೆದು, ಬಿ.ಎಚ್. ರಸ್ತೆ ಸೇರಿದ ಮೇಲೆ ಓಡುತ್ತಿದ್ದಿರಿ. ಮೊದಮೊದಲು ಚಡ್ಡಿಯ ಮೇಲೆ ಪ್ಯಾಂಟ್ ಹಾಕಿಕೊಂಡು ಸ್ಕೂಟರ್‌ನಲ್ಲಿ ಹೊರಟು, ಕೆರೆ ಹತ್ತಿರ ತೆಗೆದು ಡಿಕ್ಕಿಯಲ್ಲಿ ಇಡುತ್ತಿದ್ದಿರಿ. ಎದುರುಮನೆಯವರು ಒಂದು ದಿನ ನೋಡಿ ಮೆಲ್ಲಗೆ ಕೇಳಿದರು: ‘ಏನ್ ಸಾರ್, ಶುಗರ್ ಬಂತಾ?’

ಇದನ್ನು ಓದಿ ಆಫೀಸಿನಲ್ಲಿ ಎಲ್ಲರಿಗೂ ಕೂಗಿ ಹೇಳಿದೆ. ನಮ್ಮಲ್ಲಿ ನಲವತ್ತು ದಾಟಿದವನು ಓಡಿದರೆ ಮೊದಲು ಬರುವ ಅನುಮಾನವೇ ಅದು. ಕಾಯಿಲೆ ಇಲ್ಲದೆ ಯಾರಾದರೂ ಓಡುತ್ತಾರಾ? ಎದುರುಮನೆಯವರ ಆ ಪ್ರಶ್ನೆಯಲ್ಲಿ ನಿಮ್ಮ ಬೀದಿಯೇ ಇದೆ. ಅದನ್ನು ಲೇಖನದಿಂದ ಹೊರಗೆ ಇಟ್ಟಿದ್ದು ದೊಡ್ಡ ತಪ್ಪು.

ರೈಲಿನದ್ದೂ ಅಷ್ಟೇ. ಮೂವರ ಸೀಟಿನಲ್ಲಿ ನಾಲ್ವರು. ಪಾಸ್ ಮಂಡಳಿಯ ಇಸ್ಪೀಟು. ಮೊದಲೆಲ್ಲ ಯಶವಂತಪುರದವರೆಗೂ ಆಡುತ್ತಿದ್ದವರು ಈಗ ಹಿರೇಹಳ್ಳಿ ದಾಟುವುದರೊಳಗೆ ನಿದ್ದೆ. ಗೆಳೆಯರು ‘ಮಿಲ್ಕಾ ಸಿಂಗ್ ಬಂದ’ ಅಂತ ಜಾಗ ಬಿಡುತ್ತಿದ್ದರು ಅಂದಿದ್ದೀರಿ. ಅದು ಗೇಲಿನಾ, ಮರ್ಯಾದೆನಾ? ಮೊದಲು ಗೇಲಿ ಇದ್ದು ಆಮೇಲೆ ಬದಲಾಗಿದ್ದರೆ, ಯಾವಾಗ ಬದಲಾಯಿತು? ನನಗೆ ತಿಳಿಯುವ ಆಸೆ.

ದೇವರಾಯನದುರ್ಗದ ಬೆಟ್ಟದಲ್ಲಿ ಓಡಿದ ಭಾನುವಾರಗಳ ಬಗ್ಗೆ ‘ನಿಸರ್ಗ ಸೌಂದರ್ಯ ವರ್ಣಿಸಲಸದಳ’ ಎಂದಿದ್ದೀರಿ. ಅಸದಳವಾದರೆ ಬಿಡಿ. ನಾಮದ ಚಿಲುಮೆ ದಾಟಿ ಏರು ಶುರುವಾದ ಮೇಲೆ, ಏದುಸಿರು ಬಿಡುವವನಿಗೆ ನಿಸರ್ಗ ಕಾಣುತ್ತದಾ? ಮುಂದಿನ ತಿರುವು ಕಾಣುತ್ತದೆ. ಶೂ ಒಳಗಿನ ಕಲ್ಲು ಗೊತ್ತಾಗುತ್ತದೆ. ತೊಡೆ ಉಜ್ಜಿ ಉರಿಯುವುದು ಗೊತ್ತಾಗುತ್ತದೆ. ವ್ಯಾಸಲಿನ್ ಹಚ್ಚುವುದನ್ನು ಯಾರು ಹೇಳಿಕೊಟ್ಟರು? ಇಳಿದು ಬಂದ ಮೇಲೆ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಿರಲ್ಲ, ಎಷ್ಟು? ಸುಳ್ಳು ಹೇಳಬೇಡಿ. ಈ ವಿಷಯದಲ್ಲಿ ತುಮಕೂರಿನವರು ನಿಮ್ಮನ್ನು ಹಿಡಿದುಬಿಡುತ್ತಾರೆ.

ಇನ್ನೊಂದು. ನಿಮ್ಮ ಹೆಂಡತಿಗೆ ಲೇಖನದಲ್ಲಿ ಸಿಕ್ಕಿದ್ದು ‘ಸದಾ ಪ್ರೋತ್ಸಾಹಿಸಿದ ಧರ್ಮಪತ್ನಿ’ ಅನ್ನುವ ಮೂರು ಪದ. ನೀವು ಓಡಲು ಶುರು ಮಾಡಿದ ಮೇಲೆ ಕ್ಯಾರಿಯರ್ ಎಷ್ಟು ಗಂಟೆಗೆ ರೆಡಿಯಾಗಬೇಕಾಯಿತು? ಬೆವರಿನ ಬಟ್ಟೆ ಯಾರು ಒಗೆದರು? ಭಾನುವಾರ ಬೆಳಗ್ಗೆ ನೀವು ದುರ್ಗದಲ್ಲಿದ್ದಾಗ ಮಗಳನ್ನು ಟ್ಯೂಷನ್‌ಗೆ ಯಾರು ಬಿಟ್ಟರು? ‘ನಿಮ್ಮ ಓಟಕ್ಕೆ ನಾವೂ ಓಡಬೇಕು’ ಅಂತ ಅವರು ಅಂದಿದ್ದನ್ನು ಪತ್ರದಲ್ಲಿ ತಮಾಷೆಯಾಗಿ ಬರೆದಿದ್ದೀರಿ. ನನಗೆ ಅದು ಪೂರ್ತಿ ತಮಾಷೆ ಅನಿಸಲಿಲ್ಲ. ಅವರನ್ನೇ ಕೂರಿಸಿಕೊಂಡು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪತ್ರ ಬರೆದ ಕೈಯಲ್ಲೇ ಲೇಖನವನ್ನೂ ಬರೆಯಿರಿ. ‘ದೃಢಸಂಕಲ್ಪ’, ‘ಸಾಧನೆಯ ಶಿಖರ’ ಎಲ್ಲ ಸನ್ಮಾನ ಪತ್ರಕ್ಕೆ ಇರಲಿ.

ಕೊನೆಗೆ, ‘ಈಗ ಆಗದಿದ್ದರೆ ಪೂರ್ತಿ ಮ್ಯಾರಥಾನ್ ಓಡಿದ ಮೇಲೆ ಬರೆದು ಕಳಿಸುತ್ತೇನೆ’ ಎಂದಿದ್ದೀರಿ. ಬೇಡ. ಆಗ ನೀವು ಓಟಗಾರರಾಗಿಬಿಟ್ಟಿರುತ್ತೀರಿ. ಶೂ ಬಗ್ಗೆ, ವಾಚ್ ಬಗ್ಗೆ ಬರೆಯುತ್ತೀರಿ. 60 ಸೆಕೆಂಡ್ ಓಡಲಾಗದೆ ಬೆಂಚಿನ ಮೇಲೆ ಕೂತವನು ಆಗ ನಿಮಗೆ ನೆನಪಿರುವುದಿಲ್ಲ. ಒಂದೂವರೆ ಸಾವಿರ ಪದ ಮೀರದಂತೆ ಈಗಲೇ ಬರೆದು, ತಿಂಗಳೊಳಗೆ ಕಳಿಸಿ. ಮೆಡಲ್ ಹಿಡಿದ ಫೋಟೊ ಬೇಡ. ಆ ಎದುರುಮನೆಯವರು ಒಪ್ಪಿದರೆ ಅವರದ್ದೊಂದು ಇರಲಿ.

ಇಂತಿ,
ಸಂಪಾದಕ